ಬಡಾವಣೆಯೂ ಊರಿನ ತಕರಾರೂ

ಊರ ಹೊರಗಿನ ಬಯಲಿನಲ್ಲಿ ಒಂದು ದಿನ ಬೆಳಗಾಗುವಷ್ಟರಲ್ಲಿ ಸುಣ್ಣದ ಗೆರೆಗಳು ಕಾಣಿಸಿಕೊಳ್ಳುತ್ತವೆ. ನಿನ್ನೆಯವರೆಗೆ ದನ ಮೇಯುತ್ತಿದ್ದ ನೆಲದ ಮೇಲೆ ಬೀದಿ, ಅಡ್ಡಬೀದಿ, ನಿವೇಶನಗಳ ಚೌಕಗಳು ಮೂಡುತ್ತವೆ. ಮೂಲೆಮೂಲೆಗೆ ಕಲ್ಲು ನೆಡಲಾಗುತ್ತದೆ. ಬಹುಕಾಲದಿಂದ ಬಾಡಿಗೆಯ ಕೋಣೆಯಲ್ಲಿ ಸಂಸಾರ ನಡೆಸುತ್ತಿರುವವರಿಗೆ ಆ ಗೆರೆಗಳು ಶುಭಶಕುನ. ಅದೇ ಸಂಜೆ ಅರಳಿಕಟ್ಟೆಯ ಮೇಲೆ ಕುಳಿತ ಕೆಲವರು, ಇಲ್ಲಿ ಮನೆ ಏಳಬಾರದು ಎನ್ನುತ್ತಾರೆ. ಈ ಎರಡನೆಯ ಮಾತಿಗೆ ಕಾಯಿದೆಯ ಭಾಷೆಯಲ್ಲಿ ಆಕ್ಷೇಪಣೆ ಎಂದು ಹೆಸರು. ಊರಿನವರು ಅದನ್ನು ತಕರಾರು ಎನ್ನುತ್ತಾರೆ. ತಕರಾರು ಎಂದೊಡನೆ ಜಗಳಗಂಟತನವೇ ನೆನಪಿಗೆ ಬರುವುದು ದುರ್ದೈವ. ಹೊಸ ಬಡಾವಣೆಗೆ ಊರಿನವರು ಒಡ್ಡುವ ತಕರಾರಿನಲ್ಲಿ ಹುರುಳಿರುವುದು ಯಾವಾಗ, ಅದು ಬರಿಯ ಹೊಟ್ಟೆಕಿಚ್ಚಾಗುವುದು ಯಾವಾಗ ಎಂಬುದು ವಿಚಾರಿಸಿ ನೋಡತಕ್ಕ ಸಂಗತಿ.

ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಆನವಟ್ಟಿಯಂತಹ ಊರನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಶಿಕಾರಿಪುರದ ಸೀಮೆಯಿಂದ ಹಾನಗಲ್ಲಿನ ಕಡೆಗೆ ಹೋಗುವಾಗ, ಮಲೆನಾಡು ಹಿಂದೆ ಸರಿದು ಬಯಲುಸೀಮೆ ತೊಡಗುವ ಅಂಚಿನಲ್ಲಿ ಈ ಹೋಬಳಿ ಕೇಂದ್ರವಿದೆ. ಸಮೀಪದಲ್ಲಿಯೇ ಕೋಟಿಪುರದ ಕೈಟಭೇಶ್ವರ ದೇವಾಲಯ. ಅದರ ನೆರೆಯಲ್ಲಿ ಶಾಸನಗಳು ಕುಪ್ಪಟೂರೆಂದು ಕರೆಯುವ ಕುಬಟೂರು. ಸೊರಬ ತಾಲ್ಲೂಕು ಕೆರೆಗಳ ನಾಡು. ಇಲ್ಲಿನ ಕೆರೆಗಳು ಒಂಟಿಯಾಗಿ ಬಾಳುವುದಿಲ್ಲ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಯನ್ನು ಸೇರುತ್ತದೆ; ಅದು ತುಂಬಿದ ಮೇಲೆ ಇನ್ನೂ ಕೆಳಗಿನದಕ್ಕೆ ಹರಿಯುತ್ತದೆ; ಕೊನೆಗೆ ಉಳಿದುದು ದಂಡಾವತಿಗೋ ವರದೆಗೋ ಹೋಗುತ್ತದೆ. ಕೆರೆಯ ಏರಿಯ ಕೆಳಗೆ ಅಚ್ಚುಕಟ್ಟಿನ ಗದ್ದೆ, ಕೆರೆಯ ಹಿಂದೆ ನೀರು ಇಳಿದುಬರುವ ಇಳಿಜಾರು, ಅದರ ನೆತ್ತಿಯ ಮೇಲೆ ಕಾನು. 1868ರಲ್ಲಿ ಬ್ರಾಂಡಿಸ್ ಹಾಗೂ ಗ್ರಾಂಟ್ ಎಂಬ ಅಧಿಕಾರಿಗಳು ಸೊರಬದ ಕಾನುಗಳನ್ನು ಕುರಿತು ವರದಿ ಬರೆದಾಗ ಈ ಒಂದು ತಾಲ್ಲೂಕಿನಲ್ಲಿಯೇ ಅಂತಹ ಕಾಡುಗಳು ನೂರಕ್ಕೂ ಹೆಚ್ಚಾಗಿದ್ದವು. ಕಾನು, ಇಳಿಜಾರು, ಕೆರೆ, ಗದ್ದೆ ಇವು ಒಂದೇ ಸರಪಣಿಯ ಕೊಂಡಿಗಳು. ಬಡಾವಣೆಗೆ ಜಾಗ ಹುಡುಕುವವರ ಕಣ್ಣಿಗೆ ಮೊದಲು ಬೀಳುವುದು ನಡುವಿನ ಆ ಇಳಿಜಾರು. ಅಲ್ಲಿ ಬೆಳೆಯಿಲ್ಲ, ಮನೆಯಿಲ್ಲ, ಮರವೂ ವಿರಳ.

ಶಿವರಾತ್ರಿಯ ಹೊತ್ತಿಗೆ ಸ್ಥಳ ಪರಿಶೀಲನೆಗೆ ಬಂದ ಅಧಿಕಾರಿಗೆ ಅಲ್ಲಿ ಒಣಹುಲ್ಲು, ಕೆಮ್ಮಣ್ಣು, ಅಲ್ಲೊಂದು ಇಲ್ಲೊಂದು ಮುಳ್ಳುಪೊದೆ ಕಾಣುತ್ತವೆ. ಸಮತಟ್ಟಾದ, ರಸ್ತೆಗೆ ಸಮೀಪದ, ಯಾರ ಸಾಗುವಳಿಯಲ್ಲಿಯೂ ಇಲ್ಲದ ನೆಲವೆಂದು ಆತ ಬರೆದುಕೊಳ್ಳುವುದು ಸುಳ್ಳೇನಲ್ಲ. ಆದರೆ ಆರಿದ್ರಾ, ಪುನರ್ವಸು ಮಳೆಗಳು ಹಿಡಿದಾಗ ಅದೇ ನೆಲದ ಮೇಲೆ ನೀರು ಯಾವ ಕಡೆಯಿಂದ ಬಂದು ಯಾವ ಕಡೆಗೆ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದನ್ನು ಅಲ್ಲಿ ದನ ಕಾಯ್ದವನು ಮಾತ್ರ ಬಲ್ಲ. ಕಡತಕ್ಕೆ ಗೊತ್ತಿಲ್ಲದ ಈ ತಿಳಿವಳಿಕೆಯನ್ನು ಕಡತದೊಳಕ್ಕೆ ಸೇರಿಸುವುದೇ ತಕರಾರು ಅರ್ಜಿಯ ಮುಖ್ಯ ಪ್ರಯೋಜನ. ಅರ್ಜಿ ಬಾರದಿದ್ದರೆ ಶಿವರಾತ್ರಿಯ ನೋಟವೇ ಶಾಶ್ವತವಾಗಿ ಉಳಿಯುತ್ತದೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವಭಾಗದಲ್ಲಿ ಭಾರಿ ಬೆಲೆಯ ಮನೆಗಳೊಳಗೆ ನೀರು ನುಗ್ಗಿ, ಅಲ್ಲಿನ ನಿವಾಸಿಗಳು ದೋಣಿಗಳಲ್ಲಿಯೂ ಟ್ರ್ಯಾಕ್ಟರುಗಳಲ್ಲಿಯೂ ಹೊರಬರಬೇಕಾಯಿತು. ಕೆರೆಯಿಂದ ಕೆರೆಗೆ ಹೋಗುವ ರಾಜಕಾಲುವೆಗಳನ್ನು ಒತ್ತಿ ಕಟ್ಟಿದುದೇ ಅದಕ್ಕೆ ಒಂದು ಮುಖ್ಯ ಕಾರಣವಾಗಿತ್ತು. ಆ ಮನೆಗಳನ್ನು ಕೊಂಡವರಲ್ಲಿ ಅನೇಕರಿಗೆ ತಮ್ಮ ಅಂಗಳದಲ್ಲಿ ಹಿಂದೆ ಕಾಲುವೆ ಹರಿಯುತ್ತಿತ್ತೆಂಬುದೇ ತಿಳಿದಿರಲಿಲ್ಲ.

ದಾಖಲೆಗಳಿಗೆ ಏನೂ ತಿಳಿಯದೆಂದು ಹೇಳುವುದೂ ಸರಿಯಲ್ಲ. ಓದಬಲ್ಲವರಿಗೆ ಅವು ಬಹಳ ಹೇಳುತ್ತವೆ. ಭೂಕಂದಾಯದ ಲೆಕ್ಕದಲ್ಲಿ ಖರಾಬು ಎಂಬ ಮಾತು ಬರುತ್ತದೆ. ಹೆಸರು ಕೇಳಿದರೆ ಕೆಟ್ಟ ನೆಲವೆಂದು ತೋರಬಹುದು. ಅದರಲ್ಲಿ ಎರಡು ಬಗೆ. ಬಂಡೆ, ಕಲ್ಲುಗಳಿಂದಾಗಿ ಸಾಗುವಳಿಗೆ ಒದಗದ ನೆಲ 'ಅ' ಖರಾಬು. ದಾರಿ, ಹಳ್ಳ, ಕಾಲುವೆ, ಸ್ಮಶಾನ ಮುಂತಾಗಿ ಸಾರ್ವಜನಿಕರ ಉಪಯೋಗಕ್ಕೆ ಬಿಟ್ಟ ನೆಲ 'ಬ' ಖರಾಬು. ಖಾಸಗಿಯವರ ಸರ್ವೆ ನಂಬರಿನ ನಡುವೆಯೇ ಹಾದುಹೋದರೂ ಈ ಎರಡನೆಯದು ಜಮೀನಿನ ಒಡೆಯನದಾಗುವುದಿಲ್ಲ. ಹೊಲವನ್ನು ಬಡಾವಣೆಯಾಗಿ ಮಾರುವಾಗ ಈ ಕೆಲವು ಗುಂಟೆಗಳು ಸದ್ದಿಲ್ಲದೆ ನಿವೇಶನಗಳೊಳಗೆ ಕರಗಿಹೋಗುವುದುಂಟು. ಹಳೆಯ ಗ್ರಾಮನಕಾಶೆಯನ್ನೂ ಹೊಸ ಬಡಾವಣೆಯ ನಕ್ಷೆಯನ್ನೂ ಅಕ್ಕಪಕ್ಕದಲ್ಲಿ ಹರಡಿ ನೋಡಿದರೆ, ಕಾಲುವೆಯ ಗೆರೆ ಎಲ್ಲಿ ಕಾಣೆಯಾಯಿತೆಂಬುದನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ಬೆರಳಿಟ್ಟು ತೋರಿಸಬಲ್ಲನು.

ಗೋಮಾಳದ ಸಂಗತಿಯೂ ಇಂತಹುದೇ. ಕರ್ನಾಟಕ ಭೂಕಂದಾಯ ನಿಯಮಗಳ ಪ್ರಕಾರ ಗ್ರಾಮದ ನೂರು ದನಗಳಿಗೆ 12 ಹೆಕ್ಟೇರಿನಂತೆ, ಎಂದರೆ ಸುಮಾರು 30 ಎಕರೆಯಂತೆ, ಮೇವಿನ ನೆಲವನ್ನು ಕಾದಿರಿಸಬೇಕು. ಊರಿನಲ್ಲಿ ದನಗಳೆಷ್ಟು, ಉಳಿದಿರುವ ಗೋಮಾಳವೆಷ್ಟು ಎಂಬ ಎರಡು ಅಂಕಿಗಳಿದ್ದರೆ ಸಾಕು; ಗೋಮಾಳವನ್ನು ನಿವೇಶನ ಮಾಡಬಹುದೇ ಎಂಬ ವಾದದ ಅರ್ಧಭಾಗ ಮುಗಿದಂತೆ. ಆದರೂ ಮೇಜಿನ ಮೇಲೆ ಗೋಮಾಳ ಬೀಳು ಭೂಮಿಯಾಗಿಯೇ ಕಾಣುತ್ತದೆ. ಈ ಸೀಮೆಯ ಜನ ಇದನ್ನು ಒಮ್ಮೆ ಕಠಿಣವಾಗಿಯೇ ಅನುಭವಿಸಿದ್ದಾರೆ. 1984ರಲ್ಲಿ ಸರ್ಕಾರವೂ ಒಂದು ಖಾಸಗಿ ಕಾರ್ಖಾನೆಯೂ ಸೇರಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಕಂಪೆನಿಯನ್ನು ಸ್ಥಾಪಿಸಿದವು. ಶಿವಮೊಗ್ಗ, ಧಾರವಾಡ ಮುಂತಾದ ಜಿಲ್ಲೆಗಳಲ್ಲಿ ಸುಮಾರು 30,000 ಹೆಕ್ಟೇರು ನೆಲದಲ್ಲಿ ನೀಲಗಿರಿ ಮೊದಲಾದ ಮರಗಳನ್ನು ಬೆಳೆಸುವುದು ಅದರ ಉದ್ದೇಶ. ಹಳ್ಳಿಗರು ಸೌದೆ, ಸೊಪ್ಪು, ಮೇವುಗಳನ್ನು ತರುತ್ತಿದ್ದ ನೆಲ ಅದು. ಅಂದಿನ ಧಾರವಾಡ ಜಿಲ್ಲೆಗೆ ಸೇರಿದ್ದ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ಜನರು ಕೂಡಿ ನೀಲಗಿರಿಯ ಸಸಿಗಳನ್ನು ಕಿತ್ತು, ಅಲ್ಲಿ ತಮಗೆ ಬೇಕಾದ ಸಸಿಗಳನ್ನು ನೆಟ್ಟರು. 'ಕಿತ್ತಿಕೋ ಹಚ್ಚಿಕೋ' ಎಂಬ ಹೆಸರಿನ ಆ ಸತ್ಯಾಗ್ರಹದ ಜೊತೆಜೊತೆಗೆ ಡಾ. ಶಿವರಾಮ ಕಾರಂತರು ಮೊದಲಾದವರು ಸರ್ವೋಚ್ಚ ನ್ಯಾಯಾಲಯದಲ್ಲಿ ದಾವೆ ಹೂಡಿದ್ದರು. 1991ರಲ್ಲಿ ಆ ಕಂಪೆನಿಯನ್ನು ಮುಚ್ಚಲು ಸರ್ಕಾರ ತೀರ್ಮಾನಿಸಿತು. ಅಲ್ಲಿ ಮನೆಗಳ ಮಾತಿರಲಿಲ್ಲ, ಮರಗಳ ಮಾತಿತ್ತು. ಆದರೆ ಬೀಳೆಂದು ಬರೆಯಲಾದ ನೆಲ ಯಾರ ಬದುಕಿಗೆ ಆಧಾರವಾಗಿದೆ ಎಂಬ ಪ್ರಶ್ನೆ ಎರಡು ಕಡೆಯೂ ಒಂದೇ.

ಇಷ್ಟನ್ನು ಕೇಳಿದವರು ತಕರಾರು ಒಡ್ಡುವವರ ಪಕ್ಷದಲ್ಲಿಯೇ ಸದಾ ನ್ಯಾಯವಿರುತ್ತದೆಂದು ಭಾವಿಸಬಾರದು. ಸೂರಿಲ್ಲದವನ ಕಷ್ಟ ಸೂರಿದ್ದವನಿಗೆ ಬೇಗನೆ ಮರೆಯುತ್ತದೆ. ಕೂಲಿ ಮಾಡುವ ಕುಟುಂಬಗಳಿಗೆ ಊರೊಳಗೆ ಜಾಗ ಕೊಳ್ಳುವ ಶಕ್ತಿಯಿಲ್ಲ; ಅವರಿಗೆ ಸಿಗುವುದಾದರೆ ಸರ್ಕಾರದ ನೆಲವೇ ಸಿಗಬೇಕು. ಎಪ್ಪತ್ತರ ದಶಕದಲ್ಲಿ ದೇವರಾಜ ಅರಸರ ಕಾಲದ ಜನತಾ ಮನೆಗಳು ಎದ್ದುದು ಇಂತಹವರಿಗಾಗಿ. 1990ರಿಂದ 1992ರವರೆಗೆ ಮುಖ್ಯಮಂತ್ರಿಗಳಾಗಿದ್ದ ಎಸ್. ಬಂಗಾರಪ್ಪನವರ ಕಾಲದಲ್ಲಿ ಆಶ್ರಯ ಯೋಜನೆ ಬಂದಿತು. ಬಂಗಾರಪ್ಪನವರು ಆನವಟ್ಟಿಯ ನೆರೆಯ ಕುಬಟೂರಿನವರೇ. ಬಡವರಿಗೆ ಮನೆ ಕಟ್ಟಿಕೊಡುವ ರಾಜ್ಯದ ಒಂದು ದೊಡ್ಡ ಯೋಜನೆಯ ಹೆಸರು ಹೀಗೆ ಈ ಸೀಮೆಯೊಡನೆ ಹೆಣೆದುಕೊಂಡಿದೆ. ಕೆರೆಯನ್ನೂ ಗೋಮಾಳವನ್ನೂ ಮುಂದಿಟ್ಟುಕೊಂಡು, ಒಳಗೊಳಗೆ 'ಅವರು ನಮ್ಮ ಬೀದಿಯ ಪಕ್ಕಕ್ಕೆ ಬರಬಾರದು' ಎಂಬ ಭಾವನೆಯಿಂದ ಬರೆದ ಅರ್ಜಿಗಳೂ ಇಲ್ಲದಿಲ್ಲ. ಇಂತಹ ಅರ್ಜಿಯನ್ನು ಗುರುತಿಸುವುದು ಕಷ್ಟವಲ್ಲ. ಅದು ನೆಲದ ವಿಷಯವನ್ನು ಒಂದು ಸಾಲಿನಲ್ಲಿ ಮುಗಿಸಿ, ಬರುವ ಜನರ ವಿಷಯವನ್ನು ಒಂದು ಪುಟ ಬರೆಯುತ್ತದೆ. ಅದೇ ಗೋಮಾಳವನ್ನು ಉಳ್ಳವರು ಒತ್ತಿ ಅಡಿಕೆ, ಶುಂಠಿ ಹಾಕಿದಾಗ ಬಾಯಿ ಬಿಡದವರು ನಾಲ್ಕು ಗುಡಿಸಲು ಎದ್ದಾಗ ಸಹಿ ಸಂಗ್ರಹಕ್ಕೆ ಹೊರಟರೆ, ಅಂತಹ ತಕರಾರಿಗೆ ಬೆಲೆ ಕಟ್ಟುವ ಅಗತ್ಯವಿಲ್ಲ.

ಇನ್ನು ಕಾಯಿದೆಯ ಮಾತು. ಆಕ್ಷೇಪಣೆ ಹೇಳುವ ಹಕ್ಕು ಮೊದಲಿನಿಂದಲೂ ಇದ್ದುದಲ್ಲ. ಬ್ರಿಟಿಷರ ಕಾಲದ 1894ರ ಭೂಸ್ವಾಧೀನ ಕಾಯಿದೆಯಲ್ಲಿ, ಸರ್ಕಾರ ಜಮೀನು ಬೇಕೆಂದರೆ ಒಡೆಯನು ಬೆಲೆಯ ವಿಷಯದಲ್ಲಿ ಚರ್ಚಿಸಬಹುದಾಗಿತ್ತೇ ಹೊರತು ಬೇಡವೆಂದು ಹೇಳಲು ಸ್ಥಳವಿರಲಿಲ್ಲ. 1923ರ ತಿದ್ದುಪಡಿಯಿಂದ ಅದಕ್ಕೆ 5ಎ ಎಂಬ ಕಲಮು ಸೇರಿ, ಮೂವತ್ತು ದಿನಗಳೊಳಗೆ ಆಕ್ಷೇಪಣೆ ಸಲ್ಲಿಸುವ ಅವಕಾಶ ದೊರೆಯಿತು. 2014ರಿಂದ ಜಾರಿಗೆ ಬಂದ ಹೊಸ ಭೂಸ್ವಾಧೀನ ಕಾಯಿದೆಯಲ್ಲಿ ಈ ಅವಧಿ ಅರವತ್ತು ದಿನ. ಖಾಸಗಿಯವರು ತಮ್ಮ ಜಮೀನನ್ನೇ ನಿವೇಶನಗಳಾಗಿ ಮಾಡುವಾಗ ದಾರಿ ಬೇರೆ. 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 95ನೆಯ ಕಲಮಿನಂತೆ ವ್ಯವಸಾಯದ ಭೂಮಿಯ ಪರಿವರ್ತನೆಯಾಗಬೇಕು. ಯೋಜನಾ ಪ್ರದೇಶವಾದರೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಂತೆ ಬಡಾವಣೆಯ ನಕ್ಷೆಗೆ ಒಪ್ಪಿಗೆ ಸಿಗಬೇಕು. ಈ ಮೆಟ್ಟಿಲುಗಳಲ್ಲಿ ಯಾವುದು ನಡೆಯುತ್ತಿದೆ ಎಂಬುದನ್ನು ತಿಳಿಯದೆ, ಮನೆಗಳಿಗೆ ತಾರಸಿ ಬಿದ್ದ ಮೇಲೆ ಅರ್ಜಿ ಹಿಡಿದು ಓಡಾಡುವವರೇ ಹೆಚ್ಚು.

ತಡವಾಯಿತೆಂಬ ಮಾತ್ರಕ್ಕೆ ಎಲ್ಲವೂ ಮುಗಿಯಿತೆಂದೂ ಹೇಳುವಂತಿಲ್ಲ. ಉಡುಪಿಯಲ್ಲಿ ನಡೆದ ಒಂದು ಮೊಕದ್ದಮೆ ಇದಕ್ಕೆ ಸಾಕ್ಷಿ. ವಾಸದ ಮನೆಗಳ ಪ್ರದೇಶದಲ್ಲಿ ಕಲ್ಯಾಣ ಮಂಟಪವೆಂದು ಹೊರಟ ಕಟ್ಟಡವೊಂದನ್ನು ಚಿತ್ರಮಂದಿರವನ್ನಾಗಿ ಮಾಡಲು ಪುರಸಭೆ ಅನುಮತಿ ನೀಡಿತು. ಪಟ್ಟಣದ ಯೋಜನೆಗೆ ಇದು ವಿರುದ್ಧವೆಂದು ನಿವಾಸಿಯೊಬ್ಬರು ನ್ಯಾಯಾಲಯಕ್ಕೆ ಹೋದರು. ಅನುಮತಿ ತಪ್ಪೇ ಆದರೂ ಕಟ್ಟಿದವರು ಬಹಳ ಹಣ ಹಾಕಿದ್ದಾರೆಂದು ಉಚ್ಚ ನ್ಯಾಯಾಲಯ ಹಿಂಜರಿಯಿತು. 1974ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ತರ್ಕವನ್ನು ಒಪ್ಪಲಿಲ್ಲ. ಯೋಜನೆಯನ್ನು ಪಾಲಿಸುವುದು ಪುರಸಭೆಯ ಹೊಣೆ, ಅದನ್ನು ಪಾಲಿಸೆಂದು ಕೇಳುವುದು ನಿವಾಸಿಯ ಹಕ್ಕು, ಖರ್ಚಾದ ಹಣದಿಂದ ಅಕ್ರಮವು ಸಕ್ರಮವಾಗದು ಎಂಬುದು ಆ ತೀರ್ಪಿನ ಸಾರ.

ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯ ಪ್ರಕರಣ ಇನ್ನೂ ಸೂಕ್ಷ್ಮವಾದುದು. ಅಲ್ಲಿ ಉದ್ಯಾನಕ್ಕೆಂದು ಬಿಟ್ಟ ಬಯಲನ್ನು ಎಪ್ಪತ್ತರ ದಶಕದಲ್ಲಿ ಖಾಸಗಿ ಶುಶ್ರೂಷಾಲಯಕ್ಕಾಗಿ ಹಂಚಲಾಯಿತು. ಆಸ್ಪತ್ರೆಯೂ ಜನರಿಗೆ ಬೇಕಾದುದಲ್ಲವೇ ಎಂಬುದು ಒಂದು ಪಕ್ಷದ ವಾದ. ಮೇಲ್ನೋಟಕ್ಕೆ ಈ ಮಾತಿಗೆ ಎದುರಿಲ್ಲ. ಆದರೆ ಬಯಲು ಖಾಲಿಯಿರುವುದೇ ಅದರ ಉಪಯೋಗ, ಗಾಳಿಗೂ ಮಕ್ಕಳ ಆಟಕ್ಕೂ ಬಿಟ್ಟ ಜಾಗವನ್ನು ಬೇರೆಯದಕ್ಕೆ ತಿರುಗಿಸುವ ಅಧಿಕಾರ ಯಾರಿಗೂ ಇಲ್ಲ ಎಂಬ ನಿವಾಸಿಗಳ ವಾದವನ್ನು 1991ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಆ ಬಯಲಿನಲ್ಲಿ ನಿವಾಸಿಗಳಲ್ಲಿ ಯಾರದೂ ಒಂದು ಅಡಿ ಸ್ವಂತ ನೆಲವಿರಲಿಲ್ಲ. ಆದರೂ ಅವರ ಮಾತನ್ನು ಕೇಳಬೇಕೆಂದು ನ್ಯಾಯಾಲಯ ಹೇಳಿದುದು ಇಲ್ಲಿನ ಮಹತ್ವದ ಅಂಶ.

ಮನೆ ಮತ್ತು ನೀರು ನೇರವಾಗಿ ಎದುರಾದುದು ಪಂಜಾಬಿನ ಪಟಿಯಾಲ ಜಿಲ್ಲೆಯ ರೋಹರ್ ಜಾಗೀರ್ ಎಂಬ ಹಳ್ಳಿಯಲ್ಲಿ. ಅಲ್ಲಿ ಊರಿನ ಹೊಂಡವನ್ನು ಮಣ್ಣಿನಿಂದ ತುಂಬಿ ಮನೆಗಳನ್ನು ಕಟ್ಟಿದ್ದರು. ಕಟ್ಟಿದವರಿಂದ ನೆಲದ ಬೆಲೆಯನ್ನು ಪಡೆದರೆ ಸಾಕೆಂದು ಜಿಲ್ಲೆಯ ಅಧಿಕಾರಿ ತೀರ್ಮಾನಿಸಿದ್ದ. 2011ರ ಜನವರಿ 28ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಮಾನವನ್ನು ತಳ್ಳಿಹಾಕಿತು; ಹೊಂಡವನ್ನು ಊರಿಗೆ ಮರಳಿಸಬೇಕೆಂದಿತು; ಇಂತಹ ಒತ್ತುವರಿಗಳನ್ನು ತೆರವುಗೊಳಿಸಲು ಕ್ರಮ ರೂಪಿಸಬೇಕೆಂದು ಎಲ್ಲ ರಾಜ್ಯಗಳಿಗೂ ಆದೇಶವಿತ್ತಿತು. ಅದೇ ತೀರ್ಪಿನಲ್ಲಿ ಒಂದು ವಿನಾಯಿತಿಯೂ ಇದೆ. ಭೂಹೀನ ಕೂಲಿಕಾರರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡಗಳವರಿಗೆ ಸರ್ಕಾರ ಆದೇಶದ ಮೂಲಕ ನೆಲ ಕೊಟ್ಟಿದ್ದರೆ ಅಂತಹ ಪ್ರಸಂಗಗಳನ್ನು ಬೇರೆಯಾಗಿ ಪರಿಗಣಿಸಬಹುದೆಂದು ಅದು ಹೇಳುತ್ತದೆ. ಕೆರೆಯನ್ನು ಉಳಿಸುವ ಭರದಲ್ಲಿ ಬಡವನ ಸೂರನ್ನು ಮರೆಯದ ಈ ಎಚ್ಚರ ತಕರಾರು ಒಡ್ಡುವವರಿಗೂ ಇರತಕ್ಕದ್ದು.

ತಕರಾರು ಪೂರ್ತಿ ಗೆಲ್ಲದೆ, ಪೂರ್ತಿ ಸೋಲದೆ ಇರುವುದೇ ವಾಡಿಕೆ. ಬೆಂಗಳೂರಿನ ಅರ್ಕಾವತಿ ಬಡಾವಣೆಗೆ ಹದಿನಾರು ಹಳ್ಳಿಗಳ ಜಮೀನನ್ನು ಗೊತ್ತುಪಡಿಸಿ 2004ರಲ್ಲಿ ಅಂತಿಮ ಅಧಿಸೂಚನೆ ಹೊರಟಿತು. ಭೂಮಾಲೀಕರು ನ್ಯಾಯಾಲಯಗಳ ಮೆಟ್ಟಿಲು ಹತ್ತಿದರು. 2010ರಲ್ಲಿ ಸರ್ವೋಚ್ಚ ನ್ಯಾಯಾಲಯ ಯೋಜನೆಯನ್ನು ಉಳಿಸಿತು. ಆದರೆ ಹಸಿರು ಪಟ್ಟಿಗೆ ಸೇರಿದ ನೆಲ, ಸಸ್ಯೋದ್ಯಾನಗಳು, ಆಗಲೇ ಪೂರ್ಣವಾಗಿ ಕಟ್ಟಡಗಳೆದ್ದ ಜಾಗ, ಶಾಲೆಗಳು, ನಡೆಯುತ್ತಿರುವ ಕಾರ್ಖಾನೆಗಳು ಇಂತಹವುಗಳ ಒಡೆಯರು ಮತ್ತೆ ಅರ್ಜಿ ಸಲ್ಲಿಸಬಹುದೆಂದೂ ಹೇಳಿತು. ಯೋಜನೆಯೇ ಬೇಡವೆಂದವರ ವಾದ ನಿಲ್ಲಲಿಲ್ಲ. ಇಂತಹ ನಂಬರಿನಲ್ಲಿ ಇಂತಹುದಿದೆ ಎಂದವರಿಗೆ ಇನ್ನೊಂದು ಬಾಗಿಲು ತೆರೆಯಿತು.

ಆದುದರಿಂದ ಆನವಟ್ಟಿಯಂತಹ ಊರಿನಲ್ಲಿ ಅರ್ಜಿ ಬರೆಯಲು ಕುಳಿತವರು ಆವೇಶವನ್ನು ಸ್ವಲ್ಪ ಬದಿಗಿಟ್ಟು, ಸರ್ವೆ ನಂಬರಿನಿಂದ ಆರಂಭಿಸುವುದು ಲೇಸು. ಕಾಲುವೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಯಾವ ಕೆರೆಯ ನೀರು ನಿಲ್ಲುತ್ತದೆ, ಅದರ ಕೆಳಗೆ ಎಷ್ಟು ಎಕರೆ ಅಚ್ಚುಕಟ್ಟಿದೆ, ಊರಿನ ದನಗಳೆಷ್ಟು ಎಂಬುದನ್ನು ಬರೆಯಬೇಕು. ಗ್ರಾಮನಕಾಶೆಯ ಪ್ರತಿಯನ್ನು ಲಗತ್ತಿಸಬೇಕು. ಮಳೆಗಾಲದಲ್ಲಿ ತೆಗೆದ ಛಾಯಾಚಿತ್ರವಿದ್ದರೆ ಅದು ಹತ್ತು ಪುಟದ ಬರಹಕ್ಕೆ ಸಮ. ಮನೆಯಿಲ್ಲದವರಿಗೆ ಊರಿನ ಬೇರೆ ಯಾವ ನೆಲ ಒದಗುತ್ತದೆ ಎಂಬುದನ್ನೂ ಅದೇ ಅರ್ಜಿಯಲ್ಲಿ ಸೂಚಿಸಿದರೆ, ಓದುವ ಅಧಿಕಾರಿಯ ಮನಸ್ಸು ಬೇರೆಯಾಗುತ್ತದೆ. ಸಹಿಗಳು ಎಷ್ಟಿವೆ ಎಂಬುದಕ್ಕಿಂತ, ಸಹಿ ಹಾಕಿದವರು ವಿಚಾರಣೆಯ ದಿನ ಹಾಜರಿರುವರೇ ಎಂಬುದು ಮುಖ್ಯ. ಅರ್ಜಿಯನ್ನು ಟಪಾಲು ವಿಭಾಗದಲ್ಲಿ ಕೊಟ್ಟ ಕೂಡಲೆ ಎರಡನೆಯ ಪ್ರತಿಯ ಮೇಲೆ ಮೊಹರನ್ನೂ ತಾರೀಖನ್ನೂ ಹಾಕಿಸಿಕೊಂಡು, ಆ ಪ್ರತಿಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಗಡುವಿನೊಳಗೆ ಅರ್ಜಿ ಬಂದಿತ್ತೇ ಎಂಬ ಪ್ರಶ್ನೆ ಮುಂದೆ ಎಲ್ಲಿ ಎದ್ದರೂ ಉತ್ತರ ಹೇಳುವುದು ಆ ಮೊಹರೇ.