'ಮಿಡ್‌ನೈಟ್ ಮಾಸ್': ಪಿಶಾಚಿಯನ್ನು ದೇವದೂತ ಎಂದು ನಂಬಿದ ಊರಿನ ಕಥೆ

ಹಾರರ್ ಕಥೆಗಳಲ್ಲಿ ಚರ್ಚ್ ಸಾಮಾನ್ಯವಾಗಿ ಕಾಪಾಡುವ ಜಾಗ. 1973ರ 'ದಿ ಎಕ್ಸಾರ್ಸಿಸ್ಟ್'ನಿಂದ 'ಕಾಂಜ್ಯೂರಿಂಗ್' ಚಿತ್ರಗಳವರೆಗೆ ದೆವ್ವ ಬಿಡಿಸಲು ನೆರವಿಗೆ ಬರುವುದು ಶಿಲುಬೆ ಮತ್ತು ಬೈಬಲ್. 2021ರ ಸೆಪ್ಟೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಿಡುಗಡೆಯಾದ ಮೈಕ್ ಫ್ಲಾನಗನ್ ನಿರ್ದೇಶನದ ಏಳು ಕಂತುಗಳ 'ಮಿಡ್‌ನೈಟ್ ಮಾಸ್' ಇದನ್ನು ತಲೆಕೆಳಗು ಮಾಡಿತು. ಇಲ್ಲಿ ಪಿಶಾಚಿಯನ್ನು ಊರಿಗೆ ಕರೆತರುವುದೇ ಪಾದ್ರಿ. (ಎಚ್ಚರಿಕೆ: ಮುಂದೆ ಕಥೆಯ ಗುಟ್ಟುಗಳಿವೆ.)

ಕಥೆ ಏನು?

ಅಮೆರಿಕದ ಕ್ರಾಕೆಟ್ ಎಂಬ ಕಾಲ್ಪನಿಕ ದ್ವೀಪದಲ್ಲಿ ಇರುವುದು 127 ಜನ. ಸಮುದ್ರದಲ್ಲಿ ತೈಲ ಸೋರಿಕೆಯಾಗಿ ಮೀನುಗಾರಿಕೆ ನೆಲಕಚ್ಚಿದೆ. ಯಾತ್ರೆಗೆ ಹೋದ ವೃದ್ಧ ಪಾದ್ರಿಯ ಬದಲು ಫಾದರ್ ಪಾಲ್ ಎಂಬ ಹೊಸಬರು ಬರುತ್ತಾರೆ. ಅವರ ಪೂಜೆಗೆ ಬಂದ, ಗಾಲಿಕುರ್ಚಿಯಲ್ಲಿದ್ದ ಹುಡುಗಿ ಎದ್ದು ನಡೆಯುತ್ತಾಳೆ. ಖಾಲಿಯಿದ್ದ ಚರ್ಚ್ ತುಂಬುತ್ತದೆ.

ನಿಜವೆಂದರೆ ಫಾದರ್ ಪಾಲ್ ಅದೇ ವೃದ್ಧ ಪಾದ್ರಿ. ಮರುಭೂಮಿಯಲ್ಲಿ ರೆಕ್ಕೆಯುಳ್ಳ ಜೀವಿಯೊಂದರ ರಕ್ತ ಕುಡಿದು ಯುವಕನಾಗಿದ್ದಾರೆ. ಅದನ್ನು ದೇವದೂತ ಎಂದೇ ನಂಬಿ, ಅದರ ರಕ್ತವನ್ನು ಪರಮಪ್ರಸಾದದ ದ್ರಾಕ್ಷಾರಸಕ್ಕೆ ಬೆರೆಸುತ್ತಿದ್ದಾರೆ.

ಟೀಕೆ ಯಾವುದರ ಬಗ್ಗೆ?

ಬಲಿಪೂಜೆಯಲ್ಲಿ ದ್ರಾಕ್ಷಾರಸ ಕ್ರಿಸ್ತನ ರಕ್ತವಾಗುತ್ತದೆ ಎಂಬುದು ಕ್ಯಾಥೊಲಿಕ್ ನಂಬಿಕೆ. ರಕ್ತ, ಸತ್ತು ಮರಳಿ ಏಳುವುದು, ಕೊನೆಯಿಲ್ಲದ ಬದುಕು: ಇವೇ ಮೂರು ರಕ್ತಪಿಶಾಚಿ ಕಥೆಗಳಲ್ಲೂ ಇವೆ. ಸರಣಿ ಎರಡನ್ನೂ ಪಕ್ಕಪಕ್ಕದಲ್ಲಿ ಇಡುತ್ತದೆ. ಬೈಬಲ್‌ನಲ್ಲೂ ದೇವದೂತರನ್ನು ಕಂಡವರು ಹೆದರುತ್ತಾರಲ್ಲ ಎಂದು ಪಾದ್ರಿ ತನ್ನ ಭಯಕ್ಕೂ ಸಮಾಧಾನ ಹೇಳಿಕೊಳ್ಳುತ್ತಾರೆ.

ಚರ್ಚ್‌ನ ಕೆಲಸಗಳನ್ನು ನೋಡಿಕೊಳ್ಳುವ ಬೆವ್ ಕೀನ್ ಇನ್ನೂ ಅಪಾಯಕಾರಿ. ತೈಲ ಸೋರಿಕೆಯ ಪರಿಹಾರದ ಹಣವನ್ನು ಊರವರಿಂದ ಚರ್ಚ್‌ಗೆ ಕೊಡಿಸಿದ್ದು ಆಕೆಯೇ. ಏನು ಮಾಡಿದರೂ, ಕೊಲೆಯನ್ನು ಮುಚ್ಚಿಹಾಕುವಾಗಲೂ, ಆಕೆಯ ಬಾಯಲ್ಲಿ ಬೈಬಲ್ ವಚನ ಸಿದ್ಧವಿರುತ್ತದೆ. ಸರ್ಕಾರಿ ಶಾಲೆಯಲ್ಲಿ ಆಕೆ ಬೈಬಲ್ ಹಂಚಿದಾಗ ಪ್ರಶ್ನಿಸುವವನು ಊರಿನ ಮುಸ್ಲಿಂ ಶೆರಿಫ್ ಹಸನ್. ಭಾರತೀಯ ಮೂಲದ ಬ್ರಿಟಿಷ್ ನಟ ರಾಹುಲ್ ಕೊಹ್ಲಿ ಈ ಪಾತ್ರ ಮಾಡಿದ್ದಾರೆ. ಇದೇ ಕೆಲಸ ಕುರಾನ್ ಹಿಡಿದು ನಡೆದಿದ್ದರೆ ಸುಮ್ಮನಿರುತ್ತಿದ್ದಿರಾ ಎಂಬುದು ಅವನ ವಾದದ ತಿರುಳು. ಸಭೆಯಲ್ಲಿ ಅವನ ಪರ ನಿಲ್ಲುವವರು ಕಡಿಮೆ.

ಇದು ಕ್ರೈಸ್ತ ವಿರೋಧಿಯೇ?

ಫ್ಲಾನಗನ್ ಕ್ಯಾಥೊಲಿಕ್ ಆಗಿ ಬೆಳೆದವರು. ಬಾಲ್ಯದಲ್ಲಿ ಬಲಿಪೂಜೆಯಲ್ಲಿ ಪಾದ್ರಿಗೆ ನೆರವಾಗುತ್ತಿದ್ದವರು. ಮುಂದೆ ಕುಡಿತದ ಚಟದಿಂದ ಹೊರಬಂದವರು. ಕುಡಿದು ಕಾರು ಓಡಿಸಿ ಒಬ್ಬಳ ಸಾವಿಗೆ ಕಾರಣನಾದ ರೈಲಿ ಎಂಬ ನಾಸ್ತಿಕನಲ್ಲಿ ಅವರ ಬದುಕಿನ ನೆರಳಿದೆ. ಹಾಗೆಂದು ದೇವರನ್ನು ನಂಬುವವರೆಲ್ಲ ಇಲ್ಲಿ ಮೂರ್ಖರಲ್ಲ. ರೈಲಿಯ ತಾಯಿ ಆ್ಯನಿ ಕೊನೆಯವರೆಗೂ ಭಕ್ತೆ. ಬೆವ್‌ಳ ಮುಖಕ್ಕೆ, ದೇವರು ನಿನ್ನನ್ನು ಎಷ್ಟು ಪ್ರೀತಿಸುತ್ತಾನೋ ಬೇರೆಯವರನ್ನೂ ಅಷ್ಟೇ ಪ್ರೀತಿಸುತ್ತಾನೆ ಎಂದು ಹೇಳುವವಳು ಅವಳೇ.

ಪಾದ್ರಿ ಆ ಜೀವಿಯನ್ನು ತಂದಿದ್ದು ಏಕೆ ಎಂಬುದು ಕೊನೆಗೆ ತಿಳಿಯುತ್ತದೆ. ಹಿಂದೆ ಪ್ರೀತಿಸಿದ್ದ ಹೆಂಗಸು ಮುಪ್ಪಿನಲ್ಲಿ ಎಲ್ಲವನ್ನೂ ಮರೆಯುತ್ತಿದ್ದಳು. ಆಕೆಯನ್ನೂ, ತನ್ನ ಮಗಳೆಂದು ಹೇಳಿಕೊಳ್ಳಲಾಗದೆ ಹೋದ ಮಗಳನ್ನೂ ಮರಳಿ ಪಡೆಯುವ ಆಸೆ ಅದು. ಆಸೆ ಮೊದಲು ಹುಟ್ಟಿತು, ಅದಕ್ಕೆ ಹೊಂದುವ ವಚನಗಳನ್ನು ಹುಡುಕಿದ್ದು ಆಮೇಲೆ. ಅದರ ಬೆಲೆ ತೆತ್ತದ್ದು ಇಡೀ ದ್ವೀಪ.