ಗುಂಡು ಹಾರದ ದಾಳಿಗೆ ಯಾವ ಕಾನೂನು?

ತಮಿಳುನಾಡಿನ ಕೂಡಂಕುಳಂ ಅಣುಸ್ಥಾವರದ ಆಡಳಿತ ಜಾಲದ ಕಂಪ್ಯೂಟರೊಂದಕ್ಕೆ ಮಾಲ್‌ವೇರ್ ನುಗ್ಗಿದ್ದನ್ನು ಎನ್‌ಪಿಸಿಐಎಲ್ 2019ರ ಅಕ್ಟೋಬರ್ 30ರಂದು ಒಪ್ಪಿಕೊಂಡಿತು. ನಮ್ಮ ಕೈಗಾವನ್ನು ನಡೆಸುವುದೂ ಇದೇ ಸಂಸ್ಥೆ. ಸೈಬರ್ ತಜ್ಞರು ಉತ್ತರ ಕೊರಿಯಾದತ್ತ ಬೆರಳು ತೋರಿಸಿದರು. ಹೊಣೆಯನ್ನು ಯಾರೂ ಹೊರಲಿಲ್ಲ.

ವಿಶ್ವಸಂಸ್ಥೆಯ ಸನ್ನದಿನ 51ನೇ ವಿಧಿ ಆತ್ಮರಕ್ಷಣೆಯ ಹಕ್ಕು ಕೊಡುವುದು ‘ಸಶಸ್ತ್ರ ದಾಳಿ’ ನಡೆದರೆ. ಸದ್ದಿಲ್ಲದೆ ಮಾಹಿತಿ ಹೆಕ್ಕುವ ಮಾಲ್‌ವೇರ್ ಆ ಮಟ್ಟ ಮುಟ್ಟುವುದಿಲ್ಲ. ಹಾಗೆಂದು ಮಟ್ಟವನ್ನೇ ತಗ್ಗಿಸಿ ಎನ್ನಲಾರೆ. ಐಪಿ ವಿಳಾಸ ಮರೆಮಾಚುವುದು ಹಾಸ್ಟೆಲ್ ಹುಡುಗರಿಗೂ ಗೊತ್ತು. ಅದನ್ನು ನಂಬಿ ಕ್ಷಿಪಣಿ ಹಾರಿಸುವುದೇ?

ಅಣುಶಕ್ತಿಗೆ ಐಎಇಎ ಇರುವಂತೆ, ಸೈಬರ್ ದಾಳಿಯ ಸಾಕ್ಷ್ಯ ಪರಿಶೀಲಿಸಿ ಇಂಥವರದೇ ಕೆಲಸ ಎನ್ನಬಲ್ಲ ಸ್ವತಂತ್ರ ತಾಂತ್ರಿಕ ಸಂಸ್ಥೆ ಬೇಕು. ನಿರ್ಬಂಧ, ಪರಿಹಾರ ಆಮೇಲೆ. ಆದರೆ ದಾಳಿಗೊಳಗಾದವರೂ ತಮ್ಮ ಲಾಗ್‌ಗಳನ್ನು ತೋರಿಸಬೇಕಲ್ಲ? ಕೂಡಂಕುಳಂನಿಂದ ಹಿಂದಿನ ದಿನವಷ್ಟೇ ಬಂದಿದ್ದ ಉತ್ತರ, ‘ಸುದ್ದಿ ಸುಳ್ಳು’ ಎಂದು.