ಇದ್ದತ್ ಮುಗಿಯುವವರೆಗೆ ಕಾಯಬೇಕೇ?

ಮುಳ್ಳೂರಿನಿಂದ ಕೊಳ್ಳೇಗಾಲಕ್ಕೆ ಹೊರಟ ಶೇರ್ ಆಟೋ ಮಗುಚಿ ಮನೆಯ ಯಜಮಾನರು ತೀರಿಕೊಂಡರೆಂದು ಭಾವಿಸಿ. ಮೂರನೇ ದಿನಕ್ಕೇ ಯಾರೋ ಬಂದು, "ನಮ್ಮ ವಕೀಲರಿದ್ದಾರಮ್ಮ, ಬಂದ ಹಣದಲ್ಲಿ ಪಾಲು ಕೊಟ್ಟರೆ ಸಾಕು, ಇಲ್ಲಿ ಸಹಿ ಹಾಕಿ" ಎನ್ನಬಹುದು. ಸಹೋದರಿಯರೇ, ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ. ಪರಿಹಾರದಲ್ಲಿ ವಕೀಲರು ಪಾಲು ಗೊತ್ತು ಮಾಡಿಕೊಳ್ಳುವುದನ್ನು ವಕೀಲರ ಪರಿಷತ್ತಿನ ನಿಯಮವೇ ನಿಷೇಧಿಸಿದೆ.

ಇನ್ನು ಕೆಲವು ಮನೆಗಳಲ್ಲಿ "ಇದ್ದತ್ ಮುಗಿಯಲಿ, ಆಮೇಲೆ ನೋಡೋಣ" ಎನ್ನುತ್ತಾರೆ. ಇದ್ದತ್ ನಾಲ್ಕು ತಿಂಗಳು ಹತ್ತು ದಿನ. ಆದರೆ ಅಪಘಾತವಾದ ಆರು ತಿಂಗಳೊಳಗೆ ಪರಿಹಾರದ ಅರ್ಜಿ ಸಲ್ಲಿಸಬೇಕೆಂದು ಮೋಟಾರು ವಾಹನ ಕಾಯ್ದೆಗೆ ತಂದ ತಿದ್ದುಪಡಿ 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಮತ್ತೆ ಉಳಿಯುವುದು ಎರಡು ತಿಂಗಳೂ ಇಲ್ಲ! ವಕಾಲತ್ತಿಗೆ ಮನೆಯಲ್ಲೇ ಸಹಿ ಹಾಕಬಹುದು. ಎಫ್‌ಐಆರ್, ಮರಣೋತ್ತರ ಪರೀಕ್ಷೆಯ ವರದಿ, ಆಟೋದ ವಿಮೆಯ ನಕಲುಗಳನ್ನು ಅಣ್ಣತಮ್ಮಂದಿರು ತರಲಿ.

ವಕೀಲರ ಫೀಸಿನ ಚಿಂತೆಯೇ? 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಂತೆ, ಆದಾಯ ಎಷ್ಟೇ ಇರಲಿ, ಮಹಿಳೆಗೆ ಉಚಿತ ವಕೀಲರ ನೆರವು ಪಡೆಯುವ ಹಕ್ಕಿದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ, ಇಲ್ಲವೇ 15100ಕ್ಕೆ ಕರೆ ಮಾಡಿ.

ಚಾಲಕನ ತಪ್ಪನ್ನು ತೋರಿಸದೆಯೂ ಸಾವಿಗೆ 5 ಲಕ್ಷ ರೂಪಾಯಿ ಕೇಳುವ ದಾರಿ ಕಾಯ್ದೆಯಲ್ಲಿದೆ. ತಪ್ಪು ಸಾಬೀತಾದರೆ ವಯಸ್ಸು, ದುಡಿಮೆ ನೋಡಿ ಹೆಚ್ಚೂ ಸಿಗಬಹುದು. ಯಾವ ದಾರಿ ಒಳ್ಳೆಯದೆಂದು ವಕೀಲರನ್ನು ಮೊದಲೇ ಕೇಳಿ. ಗಂಡನ ತಂದೆತಾಯಿಯ ಹೆಸರೂ ಅರ್ಜಿಯಲ್ಲಿರಲಿ.

ಈ ಹಣ ಯಾರ ದಾನವೂ ಅಲ್ಲ, ಯತೀಮ್ ಮಕ್ಕಳ ಹಕ್ಕು. ಸಂಕೋಚದಿಂದ ಅದನ್ನು ಕೈಬಿಡಬೇಡಿ.